ಖಾಲಿ ಖಾತೆಗೆ ದಂಡ: ಬಡತನ ಅಪರಾಧವೇ?

ನಮ್ಮ ಬೀದಿಯ ಯುವಕನೊಬ್ಬ ಬೆಂಗಳೂರಿನ ಕಂಪೆನಿಯೊಂದರಲ್ಲಿ ಆರು ವರ್ಷ ದುಡಿದಿದ್ದ. ಒಂದು ದಿನ ಕಂಪೆನಿ ಬಾಗಿಲು ಮುಚ್ಚಿತು. ಕಂಪೆನಿ ಕೊಟ್ಟಿದ್ದ ಮೊಬೈಲ್ ಸಿಮ್ಮನ್ನು ಮರಳಿಸಿ, ಪತ್ನಿ ಮತ್ತು ಮಗುವಿನೊಂದಿಗೆ ಆತ ಊರಿಗೆ ಬಂದ. ಬಂದ ಕೆಲವೇ ತಿಂಗಳಲ್ಲಿ ತಾಯಿ ಕಾಯಿಲೆ ಬಿದ್ದರು. ಔಷಧಿಗೆಂದು ಮಂಗಳೂರಿನಲ್ಲಿರುವ ಅಕ್ಕ ಆತನ ಖಾತೆಗೆ 5,000 ರೂಪಾಯಿ ಕಳುಹಿಸಿದಳು. ಎಟಿಎಂಗೆ ಹೋಗಿ ನೋಡಿದರೆ ಖಾತೆಯಲ್ಲಿದ್ದುದು 2,640 ರೂಪಾಯಿ. ಉಳಿದ 2,360 ರೂಪಾಯಿ ಎಲ್ಲಿ ಹೋಯಿತು? ಬ್ಯಾಂಕಿಗೆ ಹೋಗಿ ವಿಚಾರಿಸಿದಾಗ ಉತ್ತರ ಸಿದ್ಧವಾಗಿತ್ತು. ಸಂಬಳ ಬರುವುದು ನಿಂತದ್ದರಿಂದ ನಿಮ್ಮ ಸಂಬಳ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಯಿಸಲಾಗಿದೆ, ಅದರಲ್ಲಿ 10,000 ರೂಪಾಯಿ ಇರಬೇಕಿತ್ತು, ನಾಲ್ಕು ತಿಂಗಳು ಇರಲಿಲ್ಲ, ಆದ್ದರಿಂದ ತಿಂಗಳಿಗೆ 500 ರೂಪಾಯಿ ಶುಲ್ಕ ಮತ್ತು ಅದರ ಮೇಲೆ 90 ರೂಪಾಯಿ ಜಿಎಸ್‌ಟಿ.

ಈ ಉತ್ತರವನ್ನು ತುಸು ನಿಧಾನವಾಗಿ ಓದಿ. ಸಂಬಳ ಬರುತ್ತಿದ್ದಷ್ಟು ಕಾಲ ಆತ ಖಾತೆಯಲ್ಲಿ ಒಂದು ರೂಪಾಯಿ ಇಡದಿದ್ದರೂ ದಂಡವಿರಲಿಲ್ಲ. ಸಂಬಳ ನಿಂತ ಬಳಿಕ ದಂಡ ಆರಂಭವಾಯಿತು. ಅರ್ಥಾತ್, ಕೈಯಲ್ಲಿ ಹಣವಿದ್ದಾಗ ಸಿಕ್ಕ ವಿನಾಯಿತಿಯು ಕೈ ಬರಿದಾದಾಗ ರದ್ದಾಯಿತು. ಹಣವಿಲ್ಲ ಎಂಬ ಕಾರಣಕ್ಕಾಗಿಯೇ ಹಣ ಕಿತ್ತುಕೊಳ್ಳುವ ಈ ಕ್ರಮಕ್ಕೆ ನಾವು ಯಾವ ಹೆಸರು ಕೊಡಬೇಕು? ಶುಲ್ಕ ಎನ್ನಬೇಕೇ, ದಂಡ ಎನ್ನಬೇಕೇ? ದಂಡವೆಂದಾದರೆ ಆತ ಮಾಡಿದ ಅಪರಾಧವಾದರೂ ಯಾವುದು?

ಇದು ಒಬ್ಬ ಯುವಕನ ಕತೆಯಲ್ಲ. ನಮ್ಮ ಮನೆಗಳ ಕಪಾಟು ತೆರೆದು ನೋಡಿದರೆ ಇಂಥ ಮೂರ್ನಾಲ್ಕು ಪಾಸ್‌ಬುಕ್‌ಗಳು ಸಿಗುತ್ತವೆ. ಮಕ್ಕಳ ವಿದ್ಯಾರ್ಥಿ ವೇತನಕ್ಕೆಂದು ತೆರೆದದ್ದು, ಗ್ಯಾಸ್ ಸಬ್ಸಿಡಿಗೆಂದು ತೆರೆದದ್ದು, ಸಾಲ ಪಡೆಯುವಾಗ ಬ್ಯಾಂಕಿನವರ ಒತ್ತಾಯಕ್ಕೆ ತೆರೆದದ್ದು, ಕೊಲ್ಲಿಯಲ್ಲಿದ್ದಾಗ ತೆರೆದು ಮರೆತದ್ದು. ಈ ಪಾಸ್‌ಬುಕ್‌ಗಳನ್ನು ವರ್ಷಕ್ಕೊಮ್ಮೆಯಾದರೂ ಎಂಟ್ರಿ ಮಾಡಿಸಿ ಓದುವವರು ಎಷ್ಟು ಮಂದಿಯಿದ್ದಾರೆ? ಅದರಲ್ಲಿ ಸಂಕ್ಷಿಪ್ತ ಅಕ್ಷರಗಳಲ್ಲಿ ಮುದ್ರಣವಾದ 118 ರೂಪಾಯಿ, 236 ರೂಪಾಯಿ, 590 ರೂಪಾಯಿಗಳ ಕಡಿತ ಯಾತಕ್ಕಾಗಿ ಎಂದು ಕೇಳಿದವರು ಎಷ್ಟು?

ಇಷ್ಟಕ್ಕೂ, ಈ ವಿಷಯದಲ್ಲಿ ನಿಯಮವೇ ಇಲ್ಲ ಎಂದು ತಿಳಿಯಬೇಕಿಲ್ಲ. 2014ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕು ತನ್ನ ಹಣಕಾಸು ನೀತಿಯನ್ನು ಪ್ರಕಟಿಸುವಾಗ ಒಂದು ಮಹತ್ವದ ಮಾತನ್ನು ಹೇಳಿತ್ತು. ಗ್ರಾಹಕನ ಕಷ್ಟದ ಅಥವಾ ಅಲಕ್ಷ್ಯದ ಅನುಚಿತ ಲಾಭವನ್ನು ಬ್ಯಾಂಕುಗಳು ಪಡೆಯಬಾರದು ಎಂಬುದೇ ಆ ಮಾತಿನ ಸಾರ. ಉಳಿತಾಯ ಖಾತೆಯಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೆ ದಂಡ ವಿಧಿಸುವ ಬದಲು ಆ ಖಾತೆಗೆ ನೀಡುವ ಸೇವೆಗಳನ್ನು ಮೂಲಭೂತ ಉಳಿತಾಯ ಖಾತೆಯ ಮಟ್ಟಕ್ಕೆ ಸೀಮಿತಗೊಳಿಸಿ, ಹಣ ಬಂದಾಗ ಮತ್ತೆ ಪೂರ್ಣ ಸೇವೆ ನೀಡಿ ಎಂದು ಅದು ಸೂಚಿಸಿತ್ತು. ಆಗ ರಘುರಾಮ್ ರಾಜನ್ ಗವರ್ನರ್ ಆಗಿದ್ದರು. ಎಷ್ಟು ಸರಳ ಮತ್ತು ಎಷ್ಟು ನ್ಯಾಯಯುತವಾದ ಪರಿಹಾರ! ಆದರೆ ಅದೇ ವರ್ಷದ ನವೆಂಬರ್ 20ರಂದು ಸುತ್ತೋಲೆ ಹೊರಬಿದ್ದಾಗ ಚಿತ್ರಣ ಬದಲಾಗಿತ್ತು. ದಂಡ ವಿಧಿಸುವ ಅಧಿಕಾರ ಬ್ಯಾಂಕುಗಳ ಕೈಯಲ್ಲೇ ಉಳಿಯಿತು. ಕೆಲವು ಷರತ್ತುಗಳನ್ನು ಮಾತ್ರ ಸೇರಿಸಲಾಯಿತು.

2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಷರತ್ತುಗಳನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು. ಖಾತೆಯಲ್ಲಿ ಕನಿಷ್ಠ ಬ್ಯಾಲೆನ್ಸ್ ಕಡಿಮೆಯಾದರೆ ಎಸ್ಎಂಎಸ್, ಇ-ಮೇಲ್ ಅಥವಾ ಪತ್ರದ ಮೂಲಕ ಗ್ರಾಹಕನಿಗೆ ತಿಳಿಸಬೇಕು. ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು. ದಂಡವು ಕೊರತೆಯ ಪ್ರಮಾಣಕ್ಕೆ ಅನುಗುಣವಾಗಿರಬೇಕು. ನೂರು ರೂಪಾಯಿ ಕಡಿಮೆಯಿದ್ದವನಿಗೂ ಹತ್ತು ಸಾವಿರ ಕಡಿಮೆಯಿದ್ದವನಿಗೂ ಒಂದೇ ದಂಡ ಹಾಕುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೇವಲ ಈ ದಂಡದಿಂದಾಗಿ ಖಾತೆಯ ಮೊತ್ತ ಸೊನ್ನೆಗಿಂತ ಕೆಳಗೆ ಹೋಗಬಾರದು. ಇದಲ್ಲದೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗ್ರಾಹಕನಿಂದ ವ್ಯವಹಾರ ನಡೆಯದೆ ನಿಷ್ಕ್ರಿಯವಾದ ಖಾತೆಗೆ ಕನಿಷ್ಠ ಬ್ಯಾಲೆನ್ಸ್‌ನ ದಂಡ ಹಾಕುವಂತಿಲ್ಲ. ಅದನ್ನು ಮತ್ತೆ ಸಕ್ರಿಯಗೊಳಿಸಲು ಶುಲ್ಕ ಕೇಳುವಂತೆಯೂ ಇಲ್ಲ.

ಆದರೆ ನಿಯಮದ ಅಕ್ಷರವನ್ನು ಉಳಿಸಿ ಅದರ ಆಶಯವನ್ನು ಕೊಲ್ಲುವುದು ಕಷ್ಟದ ಕೆಲಸವಲ್ಲ. ಖಾಲಿ ಖಾತೆಯನ್ನು ಮೈನಸ್ ಮಾಡುವುದಿಲ್ಲ, ನಿಜ. ಬದಲಾಗಿ ದಂಡದ ಬಾಕಿಯನ್ನು ಬದಿಯಲ್ಲಿ ಬರೆದಿಟ್ಟುಕೊಂಡು, ಹಣ ಬಂದ ದಿನ ಅದನ್ನು ಮುರಿದುಕೊಳ್ಳಲಾಗುತ್ತದೆ. ಖಾಲಿ ಖಾತೆಗೆ ಹಣ ಬರುವುದು ಯಾವಾಗ? ಯಾರೋ ಸಹಾಯ ಮಾಡಿದಾಗ, ವಿಧವಾ ವೇತನ ಬಂದಾಗ, ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗ, ಮಗನ ವಿದ್ಯಾರ್ಥಿ ವೇತನ ಬಂದಾಗ. ಸಂಕಷ್ಟದಲ್ಲಿರುವವರಿಗೆ ನೀಡಿದ ನೆರವಿನ ಮೊದಲ ಪಾಲು ಬ್ಯಾಂಕಿಗೆ ಸಂದಾಯವಾಗುವುದೆಂದರೆ ಏನರ್ಥ? ಮೇಲಾಗಿ ಆ ದಂಡದ ಮೇಲೆ ಶೇ. 18ರಷ್ಟು ಜಿಎಸ್‌ಟಿ ಬೇರೆ. ಒಂದು ಕೈಯಲ್ಲಿ ನೆರವು ನೀಡುವ ಸರಕಾರವು ಇನ್ನೊಂದು ಕೈಯಲ್ಲಿ ಬಡತನದ ಮೇಲಿನ ದಂಡಕ್ಕೆ ತೆರಿಗೆ ವಸೂಲಿ ಮಾಡುತ್ತದೆ.

ಇಲ್ಲಿ ಬ್ಯಾಂಕುಗಳದ್ದೂ ಒಂದು ವಾದವಿದೆ. ಖಾತೆ ನಿರ್ವಹಣೆಗೆ ಖರ್ಚಿದೆ, ಎಟಿಎಂ, ಸಿಬ್ಬಂದಿ, ಕಂಪ್ಯೂಟರು ಇವೆಲ್ಲ ಪುಕ್ಕಟೆ ಬರುವುದಿಲ್ಲ ಎಂದು ಅವು ಹೇಳುತ್ತವೆ. ಖಂಡಿತ ಖರ್ಚಿದೆ. ಆದರೆ ಆ ಖರ್ಚನ್ನು ಯಾರಿಂದ ಭರಿಸಿಕೊಳ್ಳಲಾಗುತ್ತಿದೆ? 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಕನಿಷ್ಠ ಬ್ಯಾಲೆನ್ಸ್ ದಂಡವನ್ನು ಮರಳಿ ಜಾರಿಗೆ ತಂದಿತು. ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ ಅದು ಸಂಗ್ರಹಿಸಿದ್ದು 1,771 ಕೋಟಿ ರೂಪಾಯಿ. ಅದೇ ವರ್ಷದ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಆ ಬ್ಯಾಂಕು ಗಳಿಸಿದ ನಿವ್ವಳ ಲಾಭ ಸುಮಾರು 1,581 ಕೋಟಿ. ದೇಶದ ಅತಿದೊಡ್ಡ ಬ್ಯಾಂಕಿನ ಮೂರು ತಿಂಗಳ ಲಾಭಕ್ಕಿಂತ, ಹಣವಿಲ್ಲದವರಿಂದ ಪಡೆದ ದಂಡವೇ ಹೆಚ್ಚು! ಜನರು ಪ್ರಶ್ನಿಸಿದರು. 2018ರ ಏಪ್ರಿಲ್‌ನಿಂದ ದಂಡದ ಗರಿಷ್ಠ ಮೊತ್ತವು ಮಹಾನಗರಗಳಲ್ಲಿ 50 ರೂಪಾಯಿಯಿಂದ 15ಕ್ಕೆ ಇಳಿಯಿತು. 2020ರ ಮಾರ್ಚ್‌ನಲ್ಲಿ ಅದನ್ನು ಸಂಪೂರ್ಣ ಕೈಬಿಡಲಾಯಿತು. ಬ್ಯಾಂಕು ಮುಳುಗಲಿಲ್ಲ.

ಉಳಿದ ಬ್ಯಾಂಕುಗಳು ಮುಂದುವರಿಸಿದವು. 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಈ ಬಾಬ್ತಿನಲ್ಲಿ ಸಂಗ್ರಹಿಸಿದ್ದು ಸುಮಾರು 8,500 ಕೋಟಿ ರೂಪಾಯಿ ಎಂದು ಕೇಂದ್ರ ಸರಕಾರವೇ 2024ರ ಜುಲೈಯಲ್ಲಿ ಸಂಸತ್ತಿಗೆ ತಿಳಿಸಿತು. ಮರುವರ್ಷ, ಅಂದರೆ 2025ರ ಜೂನ್ 1ರಿಂದ ಕೆನರಾ ಬ್ಯಾಂಕು ಈ ದಂಡವನ್ನು ರದ್ದುಪಡಿಸಿತು. ಜುಲೈಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕು, ಬ್ಯಾಂಕ್ ಆಫ್ ಬರೋಡಾ, ಇಂಡಿಯನ್ ಬ್ಯಾಂಕುಗಳು ಅದೇ ದಾರಿ ಹಿಡಿದವು. ಒಳ್ಳೆಯದು. ಆದರೆ ಮರು ತಿಂಗಳೇ ಐಸಿಐಸಿಐ ಬ್ಯಾಂಕು ನಗರಗಳ ಹೊಸ ಖಾತೆಗಳಿಗೆ 50,000 ರೂಪಾಯಿಗಳ ಕನಿಷ್ಠ ಬ್ಯಾಲೆನ್ಸ್ ಘೋಷಿಸಿ, ವಿರೋಧ ಬಂದ ಬಳಿಕ 15,000ಕ್ಕೆ ಇಳಿಸಿತು. ಕನಿಷ್ಠ ಬ್ಯಾಲೆನ್ಸ್ ಎಷ್ಟಿರಬೇಕೆಂಬುದು ಆಯಾ ಬ್ಯಾಂಕುಗಳಿಗೆ ಬಿಟ್ಟ ವಿಷಯ ಎಂದು ರಿಸರ್ವ್ ಬ್ಯಾಂಕಿನ ಗವರ್ನರ್ ಹೇಳಿದರು. ಹಾಗಾದರೆ 2014ರ ಏಪ್ರಿಲ್‌ನಲ್ಲಿ ಆಡಿದ ಆ ಮಾತು ಎಲ್ಲಿ ಹೋಯಿತು?

ಕಳೆದುಕೊಂಡದ್ದು ಮರಳಿ ಬರುವುದೇ ಇಲ್ಲ ಎಂದು ಭಾವಿಸುವುದೂ ತಪ್ಪು. ಮೂಲಭೂತ ಉಳಿತಾಯ ಖಾತೆಗಳ ಪ್ರಕರಣವನ್ನೇ ನೋಡಿ. ಜನಧನ್ ಖಾತೆಗಳೂ ಈ ವರ್ಗಕ್ಕೆ ಸೇರುತ್ತವೆ. ಇದರಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲ. ತಿಂಗಳಿಗೆ ನಾಲ್ಕು ಬಾರಿ ಉಚಿತವಾಗಿ ಹಣ ಪಡೆಯಬಹುದು. ಆದರೆ ನಾಲ್ಕು ಮೀರಿದ ಪ್ರತಿಯೊಂದು ವ್ಯವಹಾರಕ್ಕೂ, ಅದು ಮೊಬೈಲ್ ಮೂಲಕ ಮಾಡಿದ ಸಣ್ಣ ಪಾವತಿಯೇ ಆಗಿದ್ದರೂ, ಸ್ಟೇಟ್ ಬ್ಯಾಂಕು 17 ರೂಪಾಯಿ 70 ಪೈಸೆ ಮುರಿದುಕೊಳ್ಳುತ್ತಿತ್ತು. ಐಐಟಿ ಬಾಂಬೆಯ ಪ್ರಾಧ್ಯಾಪಕ ಆಶಿಶ್ ದಾಸ್ ಅವರು ಇದನ್ನು ಲೆಕ್ಕ ಸಮೇತ ಬಯಲಿಗೆ ತಂದರು. 2020ರ ಆಗಸ್ಟ್ 30ರಂದು ನೇರ ತೆರಿಗೆಗಳ ಕೇಂದ್ರ ಮಂಡಳಿಯು ಸುತ್ತೋಲೆ ಹೊರಡಿಸಿ, ಆ ವರ್ಷದ ಜನವರಿ 1ರ ಬಳಿಕ ರುಪೇ, ಯುಪಿಐಯಂಥ ವ್ಯವಹಾರಗಳಿಗೆ ಪಡೆದ ಶುಲ್ಕವನ್ನು ಮರಳಿಸುವಂತೆ ಬ್ಯಾಂಕುಗಳಿಗೆ ತಿಳಿಸಿತು. ಕೋಟ್ಯಂತರ ರೂಪಾಯಿ ಬಡವರ ಖಾತೆಗೆ ಮರಳಿತು. ಅದಕ್ಕೂ ಮುನ್ನ ಪಡೆದ ದೊಡ್ಡ ಮೊತ್ತವು ಮರಳಿಲ್ಲ ಎಂದು 2021ರಲ್ಲಿ ಅದೇ ಪ್ರಾಧ್ಯಾಪಕರ ವರದಿ ಬೊಟ್ಟು ಮಾಡಿತು. ಇಲ್ಲಿ ನಮಗೆ ಎರಡು ಪಾಠಗಳಿವೆ. ಕೇಳಿದರೆ ಮರಳುತ್ತದೆ ಎಂಬುದು ಒಂದು. ಕೇಳಿದಷ್ಟೇ ಮರಳುತ್ತದೆ ಎಂಬುದು ಇನ್ನೊಂದು.

ಕೇಳುವುದನ್ನೇ ಒಂದು ಚಳವಳಿಯಾಗಿ ಮಾಡಿದ ದೇಶವೂ ಇದೆ. ಬ್ರಿಟನ್ನಿನಲ್ಲಿ ಖಾತೆಯಲ್ಲಿ ಹಣವಿಲ್ಲದಿರುವಾಗ ಒಂದು ಪಾವತಿ ಬಂದರೆ ಬ್ಯಾಂಕುಗಳು 30 ಪೌಂಡ್‌ಗಿಂತಲೂ ಹೆಚ್ಚು ದಂಡ ಹಾಕುತ್ತಿದ್ದವು. 2005-06ರ ಹೊತ್ತಿಗೆ ಸಾಮಾನ್ಯ ಗ್ರಾಹಕರು ತಮ್ಮ ಹಳೆಯ ಲೆಕ್ಕಪತ್ರಗಳನ್ನು ತೆಗೆದು, ದಂಡಗಳನ್ನು ಕೂಡಿಸಿ, ಮರಳಿಸಿ ಎಂದು ಪತ್ರ ಬರೆಯತೊಡಗಿದರು. ಬಹಳಷ್ಟು ಬ್ಯಾಂಕುಗಳು ನ್ಯಾಯಾಲಯದ ಮೆಟ್ಟಿಲೇರುವ ಬದಲು ಹಣ ಮರಳಿಸಿದವು. 2007ರಲ್ಲಿ ಅಲ್ಲಿನ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಎಂಬ ಸರಕಾರಿ ಸಂಸ್ಥೆಯು ಏಳು ಬ್ಯಾಂಕುಗಳು ಮತ್ತು ಒಂದು ಗೃಹಸಾಲ ಸಂಸ್ಥೆಯ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಗೆದ್ದಿತು. ಆದರೆ 2009ರ ನವೆಂಬರ್ 25ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಬ್ಯಾಂಕುಗಳ ಪರವಾಗಿ ತೀರ್ಪಿತ್ತಿತು. ಈ ಶುಲ್ಕವು ಬ್ಯಾಂಕಿನ ಸೇವೆಗೆ ಗ್ರಾಹಕರು ತೆರುವ ಬೆಲೆಯ ಭಾಗವಾದ್ದರಿಂದ ಅದರ ಪ್ರಮಾಣ ನ್ಯಾಯಯುತವೇ ಎಂದು ಆ ನಿಯಮಗಳಡಿ ಪರಿಶೀಲಿಸಲಾಗದು ಎಂದಿತು. ಜನರು ಸೋತರು.

ಆದರೆ ಎಲ್ಲ ಬಾಗಿಲುಗಳೂ ಮುಚ್ಚಲಿಲ್ಲ ಎಂಬುದು ಗಮನಾರ್ಹ. ಆರ್ಥಿಕ ಸಂಕಷ್ಟದಲ್ಲಿರುವ ಗ್ರಾಹಕನನ್ನು ಸಹಾನುಭೂತಿಯಿಂದ ನಡೆಸಿಕೊಳ್ಳಬೇಕೆಂಬ ಸಂಹಿತೆ ಅಲ್ಲಿನ ಬ್ಯಾಂಕುಗಳ ಮೇಲಿತ್ತು. ಕೆಲಸ ಕಳೆದುಕೊಂಡವರು, ಕಾಯಿಲೆ ಬಿದ್ದವರು, ಬಾಡಿಗೆ ಮತ್ತು ಊಟದ ಖರ್ಚಿಗೂ ತತ್ವಾರವಾದವರು ತಮ್ಮ ಆದಾಯ-ವೆಚ್ಚದ ವಿವರವನ್ನು ಮುಂದಿಟ್ಟು, ದಂಡದಿಂದಾಗಿಯೇ ನಾವು ಇನ್ನಷ್ಟು ಆಳಕ್ಕೆ ಕುಸಿದೆವು ಎಂದು ತೋರಿಸಿಕೊಟ್ಟರೆ, ಅದನ್ನು ಮರಳಿ ಪಡೆಯುವ ಅವಕಾಶ ತೀರ್ಪಿನ ನಂತರವೂ ಉಳಿಯಿತು. ಬ್ಯಾಂಕು ಒಪ್ಪದಿದ್ದರೆ ಓಂಬುಡ್ಸ್‌ಮನ್ ಮುಂದೆ ಹೋಗಬಹುದಿತ್ತು. ಮುಂದೆ ಅಲ್ಲಿನ ನಿಯಂತ್ರಣ ಸಂಸ್ಥೆಯೇ ಅಧ್ಯಯನ ನಡೆಸಿದಾಗ, 2016ರಲ್ಲಿ ಇಂಥ ಶುಲ್ಕಗಳ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆತ್ತವರು ಕೇವಲ ಶೇ. 1.5ರಷ್ಟು ಗ್ರಾಹಕರು ಎಂಬುದು ಬೆಳಕಿಗೆ ಬಂತು. ಆ ಹೊರೆಯನ್ನು ಹೊತ್ತವರು ಬಹುತೇಕ ದುರ್ಬಲರೇ ಆಗಿದ್ದರು. 2020ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ಅಂಥ ನಿಗದಿತ ದಂಡವನ್ನೇ ನಿಷೇಧಿಸಲಾಯಿತು. ನ್ಯಾಯಾಲಯದಲ್ಲಿ ಸೋತ ವಿಷಯವನ್ನು ಜನಾಭಿಪ್ರಾಯವು ಹತ್ತು ವರ್ಷಗಳ ಬಳಿಕ ಗೆದ್ದುಕೊಂಡಿತು.

ನಮ್ಮ ನಿಯಮಗಳಲ್ಲಿ ಇಲ್ಲದಿರುವುದು ಈ ಸಂಕಷ್ಟ ಎಂಬ ಪದವೇ. ಎಸ್ಎಂಎಸ್ ಕಳುಹಿಸಲಾಗಿತ್ತೇ, ತಿಂಗಳ ಅವಕಾಶವಿತ್ತೇ, ಕೊರತೆ ಎಷ್ಟು ಎಂದು ನಮ್ಮ ನಿಯಮ ಕೇಳುತ್ತದೆ. ಈ ಮನುಷ್ಯನ ಬಳಿ ಹಣ ಏಕಿಲ್ಲ ಎಂದು ಅದು ಕೇಳುವುದಿಲ್ಲ. ಇದೆಲ್ಲವೂ ನಡೆಯುತ್ತಿರುವುದು ಎಂಥ ನಾಡಿನಲ್ಲಿ ಎಂಬುದನ್ನು ನೆನಪಿಸಿಕೊಂಡರೆ ಇನ್ನಷ್ಟು ಖೇದವಾಗುತ್ತದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಇತರರೊಂದಿಗೆ ಸೇರಿ ಆರಂಭಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದರ ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಅದೇ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ನೇಕಾರರ ಮತ್ತು ಕೂಲಿಕಾರರ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿತು. ಎರಡಾಣೆ ತಂದವನನ್ನು ಗೌರವಿಸಿದ್ದರಿಂದಲೇ ಆ ಬ್ಯಾಂಕು ಬೆಳೆಯಿತು. 2020ರ ಏಪ್ರಿಲ್ 1ರಂದು ಆ ಎರಡೂ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳೊಳಗೆ ವಿಲೀನಗೊಂಡವು. ಹೆಸರು ಹೋದರೆ ಹೋಗಲಿ. ಎರಡಾಣೆಯವನೂ ಗ್ರಾಹಕನೇ ಎಂಬ ಆ ಭಾವನೆಯೂ ಹೋಗಬೇಕೇ?

ಹಾಗಂತ ವ್ಯವಸ್ಥೆಯನ್ನು ದೂರುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ಈಗಿರುವ ನಿಯಮದೊಳಗೇ ಮಾಡಬಹುದಾದದ್ದು ಬಹಳಷ್ಟಿದೆ. ಮೊದಲು ಮನೆಯಲ್ಲಿರುವ ಎಲ್ಲ ಪಾಸ್‌ಬುಕ್‌ಗಳನ್ನು ಎಂಟ್ರಿ ಮಾಡಿಸಿ, ದಂಡದ ಪ್ರತಿಯೊಂದು ಸಾಲಿನ ಕೆಳಗೆ ಗೆರೆ ಎಳೆಯಿರಿ. ಅರ್ಥವಾಗದ ಸಾಲಿನ ಬಗ್ಗೆ ಬ್ಯಾಂಕಿನವರಲ್ಲಿ ಕೇಳಿ. ಅದು ನಿಮ್ಮ ಹಣ, ನಾಚಿಕೆ ಬೇಡ. ಬಳಿಕ ಶಾಖೆಯ ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಡಿ, ಕನ್ನಡದಲ್ಲೇ ಬರೆದರೂ ಆಗುತ್ತದೆ. ಯಾವ ದಿನ ಎಷ್ಟು ಕಡಿತವಾಯಿತು, ಮುನ್ಸೂಚನೆ ಯಾವಾಗ ಯಾವ ನಂಬರಿಗೆ ಕಳುಹಿಸಲಾಯಿತು, ಒಂದು ತಿಂಗಳ ಅವಕಾಶ ಕೊಡಲಾಗಿತ್ತೇ, ದಂಡವನ್ನು ಕೊರತೆಯ ಯಾವ ಪ್ರಮಾಣದಲ್ಲಿ ಲೆಕ್ಕ ಹಾಕಲಾಯಿತು ಎಂದು ಪ್ರಶ್ನಿಸಿ. ನಿಯಮ ಮೀರಿದ ದಂಡವಾದರೆ ಅದನ್ನು ಮರಳಿಸಲೇಬೇಕೆಂದು ಒತ್ತಾಯಿಸಿ. ನಿಯಮದೊಳಗಿನ ದಂಡವಾದರೂ ನಿಮ್ಮ ಸಂಕಷ್ಟವನ್ನು ವಿವರಿಸಿ. ಕೆಲಸ ಹೋದ ಪತ್ರ, ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ, ದುಡಿಯುವವರು ತೀರಿಕೊಂಡಿದ್ದರೆ ಮರಣ ಪ್ರಮಾಣ ಪತ್ರ, ಇವುಗಳ ನಕಲನ್ನು ಲಗತ್ತಿಸಿ. ಇಂಥ ದಂಡವನ್ನು ಮರಳಿಸಬೇಕೆಂಬ ಕಡ್ಡಾಯ ನಮ್ಮಲ್ಲಿಲ್ಲ, ಆದರೆ ಮರಳಿಸಬಾರದೆಂಬ ನಿಷೇಧವೂ ಇಲ್ಲ. ಅರ್ಜಿಯ ನಕಲಿನ ಮೇಲೆ ಮೊಹರು ಮತ್ತು ಸಹಿ ಪಡೆಯಲು ಮರೆಯಬೇಡಿ.

ಅದೇ ಅರ್ಜಿಯಲ್ಲಿ ಇನ್ನೊಂದು ಬೇಡಿಕೆಯನ್ನೂ ಸೇರಿಸಿ. ನನ್ನ ಖಾತೆಯನ್ನು ಮೂಲಭೂತ ಉಳಿತಾಯ ಖಾತೆಯಾಗಿ ಪರಿವರ್ತಿಸಿ ಎಂದು ಬರೆಯಿರಿ. ಗ್ರಾಹಕ ಬಯಸಿದರೆ ಹಾಗೆ ಪರಿವರ್ತಿಸಿಕೊಳ್ಳಬಹುದು. ಅದೇ ಬ್ಯಾಂಕಿನಲ್ಲಿ ನಿಮಗೆ ಬೇರೆ ಉಳಿತಾಯ ಖಾತೆ ಇರಬಾರದು ಎಂಬುದಷ್ಟೇ ಮುಖ್ಯ ಷರತ್ತು. ಪಿಂಚಣಿಗೋ ವಿದ್ಯಾರ್ಥಿ ವೇತನಕ್ಕೋ ಖಾತೆ ಬೇಕಾದ ಮಹಿಳೆಯರಿಗೆ, ಮಕ್ಕಳಿಗೆ ಇದಕ್ಕಿಂತ ಹೆಚ್ಚಿನದು ಅಗತ್ಯವೇ ಇಲ್ಲ. ಬಳಸದ ಖಾತೆಗಳನ್ನು ಮುಚ್ಚಿಬಿಡಿ. ಮೊಬೈಲ್ ನಂಬರು ಬದಲಾದರೆ ಮೊದಲು ಬ್ಯಾಂಕಿಗೆ ತಿಳಿಸಿ.

30 ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ತಡ ಮಾಡದೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರ ನವೆಂಬರ್‌ನಲ್ಲಿ ಇದನ್ನು ಏಕೀಕೃತಗೊಳಿಸಲಾಗಿದೆ. ರಿಸರ್ವ್ ಬ್ಯಾಂಕಿನ ದೂರು ಜಾಲತಾಣದಲ್ಲಿ ಸಲ್ಲಿಸಬಹುದು, ಅಂಚೆಯ ಮೂಲಕ ಚಂಡೀಗಢದಲ್ಲಿರುವ ಅದರ ದೂರು ಸ್ವೀಕಾರ ಕೇಂದ್ರಕ್ಕೂ ಕಳುಹಿಸಬಹುದು. ಮಾಹಿತಿಗೆ 14448 ಎಂಬ ಸಂಖ್ಯೆಯಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದರೆ ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಟ್ಟಿರಲೇಬೇಕು. ಮೊಹರು ಬಿದ್ದ ಆ ನಕಲಿನ ಬೆಲೆ ಆಗ ತಿಳಿಯುತ್ತದೆ. ನಮ್ಮ ಯುವಕ ಸಂಘಗಳು ತಿಂಗಳಿಗೊಂದು ಸಂಜೆ ಕುಳಿತು ಅಕ್ಷರ ಬಾರದ ಹಿರಿಯರಿಗೆ ಇಂಥ ಅರ್ಜಿ ಬರೆದುಕೊಟ್ಟರೆ ಅದೊಂದು ದೊಡ್ಡ ಸೇವೆಯಾದೀತು.

ಆ ಯುವಕನೂ ಅರ್ಜಿ ಬರೆದ. ಮುನ್ಸೂಚನೆಯ ಎಸ್ಎಂಎಸ್‌ಗಳು ಆತ ಮರಳಿಸಿದ್ದ ಕಂಪೆನಿಯ ಸಿಮ್ಮಿಗೆ ಹೋಗಿದ್ದವು. ತಪ್ಪು ನಿಮ್ಮದೇ ಎಂದರು ಬ್ಯಾಂಕಿನವರು. ಆತ ಕಂಪೆನಿಯ ಪತ್ರ ಮತ್ತು ತಾಯಿಯ ಆಸ್ಪತ್ರೆಯ ಚೀಟಿಗಳನ್ನಿಟ್ಟು ಮತ್ತೊಮ್ಮೆ ಬರೆದ. ನಾಲ್ಕು ವಾರಗಳ ಬಳಿಕ ಮೂರು ತಿಂಗಳ ದಂಡ, ಅಂದರೆ 1,770 ರೂಪಾಯಿ ಖಾತೆಗೆ ಮರಳಿತು. ವಿಶೇಷ ಪ್ರಕರಣವೆಂದು ಪರಿಗಣಿಸಿ ಕೊಡಲಾಗಿದೆ ಎಂದು ಪತ್ರದಲ್ಲಿತ್ತು.

ಕೆಲಸ ಕಳೆದುಕೊಳ್ಳುವುದು, ತಾಯಿ ಕಾಯಿಲೆ ಬೀಳುವುದು ಈ ದೇಶದಲ್ಲಿ ವಿಶೇಷ ಪ್ರಕರಣವೇ? ಒಬ್ಬ ಅಧಿಕಾರಿಯ ಮನಸ್ಸು ಕರಗಿದ್ದರಿಂದ ಆತನಿಗೆ ಸಿಕ್ಕಿತು. ಕರಗದಿದ್ದರೆ? ಅರ್ಜಿ ಬರೆಯಲು ಆತನಿಗೆ ಬಾರದಿರುತ್ತಿದ್ದರೆ? ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಿರಬೇಕು. ಆದಾಯ ನಿಂತವರಿಂದ, ರೋಗಿಗಳಿಂದ, ಸರಕಾರಿ ನೆರವಿನ ಹಣದಿಂದ ಇಂಥ ದಂಡ ಪಡೆಯಬಾರದು. ಪಡೆದಿದ್ದರೆ ಮರಳಿಸಬೇಕು ಎಂದು ರಿಸರ್ವ್ ಬ್ಯಾಂಕು ನಿಯಮದಲ್ಲೇ ಬರೆಯಬೇಕು. ನಮ್ಮ ಸಂಸದರು ಇದನ್ನು ಸಂಸತ್ತಿನಲ್ಲಿ ಕೇಳಬೇಕು. ಅಲ್ಲಿಯವರೆಗೆ ನಾವು ಪಾಸ್‌ಬುಕ್ ತೆರೆದು, ಗೆರೆ ಎಳೆದು, ಅರ್ಜಿ ಬರೆಯುತ್ತಲೇ ಇರಬೇಕು. ಇಂದು ದಯೆಯಾಗಿ ಸಿಕ್ಕಿರುವುದು ನಾಳೆ ಹಕ್ಕಾಗಿ ಸಿಗಬೇಕಾದರೆ ಕೇಳುವವರ ಸಂಖ್ಯೆ ಹೆಚ್ಚಲೇಬೇಕು.